ಲಕ್ಕಯ್ಯನ ವಶೀಲಿ

ಮಾಗಡಿ ಹತ್ತಿರದ ಕಲ್ಯದ ಲಕ್ಕಯ್ಯನಿಗೆ ಎಪ್ಪತ್ತು ಕುರಿ, ಒಬ್ಬ ಹೆಂಡತಿ, ಒಬ್ಬ ಮಗಳು, ಇವಿಷ್ಟರ ಮೇಲೆ ಒಂದು ವಶೀಲಿ ಇತ್ತು. ಕುರಿ, ಹೆಂಡತಿ, ಮಗಳು ಊರಿನ ಕಣ್ಣಿಗೆ ಕಾಣುತ್ತಿದ್ದವು. ವಶೀಲಿ ಮಾತ್ರ ಅವನು ಬಾಯಿಬಿಟ್ಟು ಹೇಳಿದರಷ್ಟೇ ಗೊತ್ತಾಗುವಂಥದ್ದು. ಅದಕ್ಕೇನೂ ಕೊರತೆ ಇರಲಿಲ್ಲ. ಅವನು ಹೇಳದೆ ಬಿಟ್ಟ ದಿನವೇ ಇರಲಿಲ್ಲ.

ಸುಳ್ಳನ್ನೇನೂ ಹೇಳುತ್ತಿರಲಿಲ್ಲ ಪಾಪ. ಒಕ್ಕಣೆ ಮುಗಿದು ಬರಿದಾದ ಹೊಲದಲ್ಲಿ ನಾಲ್ಕು ರಾತ್ರಿ ಕುರಿಮಂದೆ ನಿಂತರೆ ಹಿಕ್ಕೆ, ಗಂಜಲ ಬಿದ್ದು ಮುಂದಿನ ರಾಗಿ ಹುಲುಸಾಗಿ ಬರುತ್ತದೆ. ಅದಕ್ಕಾಗಿ ಮಾಗಡಿಯಿಂದ ರಾಮನಗರದವರೆಗೆ ಹೊಲವಿರುವ ಗೌಡರೆಲ್ಲ ಲಕ್ಕಯ್ಯನಿಗೆ ಹೇಳಿಕಳಿಸುತ್ತಿದ್ದರು. ಇವನು ಮಂದೆ ಹೊಡೆದುಕೊಂಡು ಹೋಗುತ್ತಿದ್ದ, ಅವರು ಊಟ ಹಾಕುತ್ತಿದ್ದರು, ಬರುವಾಗ ಒಂದಿಷ್ಟು ರಾಗಿ ಅಳೆಯುತ್ತಿದ್ದರು. ಹೀಗೆ ಮೂವತ್ತು ವರ್ಷ. ಯಾವ ಗೌಡರಿಗೆ ಮಂಡಿನೋವು, ಯಾವ ಗೌಡರ ಸೊಸೆ ತವರಿಗೆ ಹೋಗಿ ಕೂತಿದ್ದಾಳೆ, ಯಾರ ಮಗ ಯಾವ ಆಫೀಸಿನಲ್ಲಿದ್ದಾನೆ, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಅವರ ಮನೆಯ ಅನ್ನ ಉಂಡವನು ತಾನು ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ಉಂಡದ್ದು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಎಂಬುದನ್ನು ಮಾತ್ರ ಅವನು ಲೆಕ್ಕಕ್ಕೇ ತೆಗೆದುಕೊಂಡವನಲ್ಲ.

ಮಗಳು ಮಾನಸ ಬೇರೆ ಜಾತಿಯ ಪ್ರಾಣಿ. ಮಾತು ಕಮ್ಮಿ, ಕೆಲಸ ಅಚ್ಚುಕಟ್ಟು. ದಿನಾ ಎರಡು ಬಸ್ಸು ಬದಲಿಸಿ ರಾಮನಗರಕ್ಕೆ ಹೋಗಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದಳು. ಇಡೀ ತರಗತಿಯಲ್ಲಿ ಮೂರೇ ಹುಡುಗಿಯರು, ಮೊದಲ ಸ್ಥಾನ ಇವಳದು. ಕಬ್ಬಿಣದ ತುಂಡೊಂದನ್ನು ಕೈಗೆ ಕೊಟ್ಟರೆ ಕೂದಲೆಳೆಯ ಅರ್ಧದಷ್ಟು ಹೆಚ್ಚುಕಮ್ಮಿಯಾಗಿದ್ದರೂ ಅಳೆದು ಹೇಳುವ ವಿದ್ಯೆ ಅವಳಿಗೆ ಒಲಿದಿತ್ತು. ಬಿಡದಿಯಲ್ಲಿ ಗಾಡಿಗಳ ಬ್ರೇಕಿನ ಭಾಗ ಮಾಡುವ ಒಂದು ಕಾರ್ಖಾನೆ ಇದೆ. ಅಲ್ಲಿ ಕ್ವಾಲಿಟಿ ವಿಭಾಗಕ್ಕೆ, ಎಂದರೆ ತಯಾರಾದ ಮಾಲನ್ನು ಅಳೆದು ಸರಿತಪ್ಪು ಹೇಳುವ ಕೆಲಸಕ್ಕೆ, ಜನ ಬೇಕಾಗಿದ್ದರು. ಮಾನಸಳಿಗೆ ಬೇಕಾದದ್ದೂ ಅದೊಂದೇ. ಮೂರು ಸಲ ಅರ್ಜಿ ಹಾಕಿದಳು. ಮೂರು ಸಲವೂ ಇಂಟರ್‌ವ್ಯೂಗೆ ಕರೆ ಬರಲಿಲ್ಲ. ಅವಳಿಗಿಂತ ಇಪ್ಪತ್ತು ಮಾರ್ಕು ಕಡಿಮೆ ತೆಗೆದ ಹುಡುಗನಿಗೆ ಬಂತು. ಅವನ ಸೋದರಮಾವ ಅಲ್ಲಿ ಶಿಫ್ಟ್ ಇನ್‌ಚಾರ್ಜು.

ಈ ಸಂಗತಿಯನ್ನು ಮಾನಸ ಒಂದು ಬೆಳಿಗ್ಗೆ ಅವ್ವನ ಹತ್ತಿರ ಹೇಳಿಕೊಂಡು ಕಣ್ಣೊರೆಸಿಕೊಂಡಳು. ಅಪ್ಪ ಗೋಡೆಯ ಆಚೆ ಕಂಬಳಿ ಕೊಡವುತ್ತಿದ್ದುದನ್ನು ಅವಳು ನೋಡಬೇಕಿತ್ತು. ನೋಡಲಿಲ್ಲ. ಅಷ್ಟೇ ಅವಳು ಮಾಡಿದ ತಪ್ಪು.

"ಅದ್ಯಾಕೆ ನಂಗೆ ಮೊದ್ಲೇ ಹೇಳ್ನಿಲ್ಲ?" ಎಂದು ಲಕ್ಕಯ್ಯ ಒಳಗೆ ಬಂದ. ಆ ಕಾರ್ಖಾನೆಯಲ್ಲಿ ಆಳು ತೆಗೆದುಕೊಳ್ಳುವ ಆಫೀಸರು ಮನೋಹರ್. ಮನೋಹರ್ ಅಂದರೆ ಯಾರು? ರಾಮಲಿಂಗಯ್ಯ ಗೌಡರ ಮಗ. ರಾಮಲಿಂಗಯ್ಯ ಗೌಡರ ಹೊಲಕ್ಕೆ ಹದಿನೆಂಟು ವರ್ಷದಿಂದ ಯಾರ ಮಂದೆ ಬೀಳುತ್ತಿದೆ? ಲಕ್ಕಯ್ಯ ಕೇಳಿದ ಪ್ರಶ್ನೆಗಳಿಗೆಲ್ಲ ತಾನೇ ಉತ್ತರ ಹೇಳಿಕೊಂಡು, ಒಗೆದ ಪಂಚೆ ಉಟ್ಟು, ಅವತ್ತೇ ಹೊರಟ.

ರಾಮಲಿಂಗಯ್ಯ ಗೌಡರು ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಈ ಪೂಜಾರಿ ಹಾಗಲ್ಲ. ಧಾರಾಳಿ. ಲಕ್ಕಯ್ಯನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಕುರಿಯವನ ಮಗಳು ಮೆಕ್ಯಾನಿಕ್ ಓದಿದ್ದಕ್ಕೆ ಒಂದಷ್ಟು ನಕ್ಕು, ಆಮೇಲೆ ಒಂದು ದಾರಿ ತೋರಿಸಿದರು. ಬರುವ ಭಾನುವಾರ ಮನೋಹರ್ ತನ್ನ ಕಾರ್ಖಾನೆಯ ಮೇಲಧಿಕಾರಿಗಳಿಗೆ ಮಾವಿನ ತೋಟದಲ್ಲಿ ಬಾಡೂಟ ಹಾಕಿಸುತ್ತಿದ್ದಾನೆ. ಎಲ್ಲಕ್ಕಿಂತ ಮೇಲಿನ ಸಾಹೇಬರೇ ಬರುತ್ತಾರೆ.

"ಎರಡು ಒಳ್ಳೆ ಟಗರು ಹೊಡ್ಕಂಡ್ ಬಾ. ಮಗ್ಳುನ್ನೂ ಕರ್ಕಂಡ್ ಬಾ. ಮೊಕ ಕಂಡಿದ್ರೆ ಗ್ಯಾಪಕ ಇರ್ತದೆ ಕಣ್ಲಾ. ಕಾಗ್ದದಾಗೆ ಏನೈತೆ?"

ಟಗರಿನ ಬೆಲೆಯ ಮಾತನ್ನು ಗೌಡರೂ ಎತ್ತಲಿಲ್ಲ, ಲಕ್ಕಯ್ಯನೂ ಎತ್ತಲಿಲ್ಲ. ಎತ್ತಿದ್ದರೆ ಅದು ವಶೀಲಿ ಹೇಗಾದೀತು, ವ್ಯಾಪಾರವಾಗುತ್ತಿತ್ತು. ದಾರಿಯುದ್ದಕ್ಕೂ ಸಿಕ್ಕಿದವರಿಗೆಲ್ಲ ಲಕ್ಕಯ್ಯ ಮಗಳ ಕೆಲಸ ಆದ ಹಾಗೆಯೇ ಎಂದು ಹೇಳಿಕೊಂಡು ಬಂದ.

ಮಾನಸ ಮೊದಲು ಬರುವುದಿಲ್ಲ ಎಂದಳು. ಊಟದ ಮನೆಯಲ್ಲಿ ಕೆಲಸ ಕೇಳುವುದು ಅವಳಿಗೆ ಸರಿಕಾಣಲಿಲ್ಲ. ಆದರೆ ಮೂರು ಸಲ ಅರ್ಜಿ ಹಾಕಿ ಸುಮ್ಮನೆ ಕೂತವಳಿಗೆ ಹಟ ಮಾಡುವ ತಾಕತ್ತೂ ಎಷ್ಟಿರುತ್ತದೆ? ಮುಖ ಕಂಡರೆ, ಎರಡು ಮಾತು ಕೇಳಿದರೆ, ತನಗೆ ಗೊತ್ತಿರುವುದನ್ನು ಹೇಳಬಹುದು ಎಂಬ ಆಸೆ ಅವಳಲ್ಲೂ ಮೊಳೆಯಿತು. ತಿಳಿನೀಲಿ ಚೂಡಿದಾರವನ್ನು ಇಸ್ತ್ರಿ ಮಾಡಿಕೊಂಡಳು. ಮಾರ್ಕ್ಸ್‌ ಕಾರ್ಡುಗಳನ್ನು ಪ್ಲಾಸ್ಟಿಕ್ ಫೈಲಿಗೆ ಸೇರಿಸಿಕೊಂಡಳು. ಮೈಕ್ರೋಮೀಟರಿನಂಥ ಅಳತೆಯ ಉಪಕರಣಗಳ ಬಗ್ಗೆ ಏನು ಕೇಳಿದರೂ ಹೇಳುವ ಹಾಗೆ ಹಿಂದಿನ ದಿನವೆಲ್ಲ ಪುಸ್ತಕ ತಿರುವಿದಳು.

ತೋಟದಲ್ಲಿ ಮಾವಿನ ಮರದಡಿ ಕುರ್ಚಿ ಹಾಕಿದ್ದರು. ಸಾಹೇಬರುಗಳು ಇನ್ನೂ ಬಂದಿರಲಿಲ್ಲ. ಪಂಪ್‌ಸೆಟ್ಟಿನ ಮನೆಯ ಹಿಂದೆ ಅಡುಗೆಯ ದೊಡ್ಡಮುನಿಯಪ್ಪ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಲಕ್ಕಯ್ಯನ ಟಗರು ಎರಡನ್ನೂ ಕುಯ್ದಾಗಿತ್ತು, ಮಾಂಸ ಹೆಚ್ಚಿಯಾಗಿತ್ತು, ಬೋಟಿ ತೊಳೆಯುವ ಹೆಂಗಸು ಮಾತ್ರ ಬಂದಿರಲಿಲ್ಲ. ಬೋಟಿ ಅಂದರೆ ಕುರಿಯ ಜಠರ, ಕರುಳು. ಸುಣ್ಣದ ನೀರಿಗೆ ಹಾಕಿ ಉಜ್ಜಿ, ಹೆರೆದು, ಕರುಳನ್ನು ಒಳಗಿನದು ಹೊರಗೆ ಬರುವಂತೆ ಮಗುಚಿ, ಏಳು ನೀರಿನಲ್ಲಿ ತೊಳೆಯಬೇಕು. ಒಂಚೂರು ಎಡವಟ್ಟಾದರೆ ಇಡೀ ಗೊಜ್ಜು ಹಿಕ್ಕೆಯ ವಾಸನೆ. ಮನೋಹರ್ ವಾಚು ನೋಡಿಕೊಂಡು ಅತ್ತಿಂದಿತ್ತ ತಿರುಗುತ್ತಿದ್ದ.

"ಅದ್ಯಾಕ್ ಯೋಚ್ನೆ ಮಾಡೀರಿ? ನನ್ನ ಮಗ್ಳವ್ಳೆ," ಎಂದ ಲಕ್ಕಯ್ಯ.

ಮಾನಸ ಅಪ್ಪನ ಮುಖ ನೋಡಿದಳು. ಲಕ್ಕಯ್ಯ ಅವಳ ಕೈಯಿಂದ ಫೈಲನ್ನು ತೆಗೆದುಕೊಂಡು ತನ್ನ ಕಂಕುಳಲ್ಲಿ ಇರುಕಿಕೊಂಡ. ಆ ಗಳಿಗೆಯಲ್ಲಿ ಅವನಿಗೆ ಹೊಳೆದದ್ದು ಇಷ್ಟೇ: ಆಪತ್ತಿಗೆ ಆದವರನ್ನು ದೊಡ್ಡವರು ಮರೆಯುವುದಿಲ್ಲ. ಅವನ ಇಡೀ ಜೀವನ ಹಾಗೆಯೇ ನಡೆದಿತ್ತು. ಮಾನಸ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ತೊಟ್ಟಿಯ ಪಕ್ಕ ಕೂತಳು. ಬೇಕೆಂದೇ ಕೆಟ್ಟದಾಗಿ ತೊಳೆದಿದ್ದರೆ ಅವಳ ಹಣೆಬರಹ ಬೇರೆಯಾಗುತ್ತಿತ್ತೋ ಏನೋ. ಆದರೆ ಕೈಗೆತ್ತಿಕೊಂಡ ಕೆಲಸವನ್ನು ಕೆಡಿಸುವುದು ಆ ಹುಡುಗಿಗೆ ಬರುತ್ತಿರಲಿಲ್ಲ. ಅವ್ವ ಕಲಿಸಿದ ಹಾಗೆ, ಒಂದೊಂದು ಮಡಿಕೆಯನ್ನೂ ಬಿಡಿಸಿ ಬಿಡಿಸಿ ತೊಳೆದಳು.

ಊಟಕ್ಕೆ ಕೂತ ದೊಡ್ಡ ಸಾಹೇಬರು ಬೋಟಿ ಗೊಜ್ಜನ್ನು ಮೂರು ಸಲ ಹಾಕಿಸಿಕೊಂಡರು. ಎಷ್ಟೋ ಕಡೆ ತಿಂದಿದ್ದೇನೆ, ಇಷ್ಟು ಚೊಕ್ಕಟವಾದದ್ದನ್ನು ತಿಂದಿಲ್ಲ ಎಂದರು. ಮನೋಹರನ ಮುಖ ಅರಳಿತು. ನೀರಿನ ಜಗ್ಗು ಹಿಡಿದು ಪಂಕ್ತಿಯ ಹಿಂದೆ ನಿಂತಿದ್ದ ಲಕ್ಕಯ್ಯನಿಗೆ ತಡೆಯಲಾಗಲಿಲ್ಲ.

"ಬೇಯ್ಸಿದ್ದು ಮುನಿಯಪ್ಪ, ಸಾರ್. ತೊಳ್ದೋಳು ನನ್ನ ಮಗ್ಳು. ಬೋಟಿ ತೊಳ್ಯೋದ್ರಲ್ಲಿ ಅವ್ಳ ಸಮಕ್ಕೆ ಇಡೀ ಮಾಗ್ಡಿ ತಾಲೂಕಲ್ಲಿ ಯಾರೂ ಇಲ್ಲ. ಒಸಿ ವಾಸ್ನೆ ಇದ್ರೆ ನನ್ನ ಕಿವಿ ಕುಯ್ಸಿ."

ಇಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಮಗಳನ್ನು ಕೂಗಿ ಕರೆದ. ಮೊಣಕೈವರೆಗೆ ಒದ್ದೆಯಾಗಿ, ಚೂಡಿದಾರದ ಮೇಲೆ ಸುಣ್ಣದ ಕಲೆಗಳೊಂದಿಗೆ ಅವಳು ಬಂದು ನಿಂತಳು. ಸಾಹೇಬರು ಅವಳ ಕೈಗಳನ್ನು ನೋಡಿದರು, ಪಕ್ಕದವರಿಗೆ ಏನೋ ಹೇಳಿ ನಕ್ಕರು. ಲಕ್ಕಯ್ಯ ಫೈಲನ್ನು ಮನೋಹರನಿಗೆ ಕೊಟ್ಟ. ಮನೋಹರ್ ಅದನ್ನು ಪಕ್ಕದ ಖಾಲಿ ಕುರ್ಚಿಯ ಮೇಲಿಟ್ಟ. ಸ್ವಲ್ಪ ಹೊತ್ತಿಗೆ ಯಾರೋ ಅದರ ಮೇಲೆ ಎಲೆಯಡಿಕೆಯ ತಟ್ಟೆ ಇಟ್ಟರು. ಮಾನಸ ಅದನ್ನು ದೂರದಿಂದ ನೋಡುತ್ತ ನಿಂತಿದ್ದಳು. ಲಕ್ಕಯ್ಯನೂ ನೋಡಿದ. ಅವನಿಗೆ ಅದು ಶುಭಶಕುನವಾಗಿ ಕಂಡಿತು.

ಬುಧವಾರ ಇಂಟರ್‌ವ್ಯೂಗೆ ಕರೆ ಬಂತು. ಮೂರು ಅರ್ಜಿಗೆ ಬಾರದ್ದು ಒಂದು ಊಟಕ್ಕೆ ಬಂತು ಎಂದು ಲಕ್ಕಯ್ಯ ಕಲ್ಯದ ತುಂಬ ಸಾರಿದ. ಅರಳಿಕಟ್ಟೆಯಲ್ಲಿ ಕೂತಿದ್ದ ಸಿದ್ದರಾಮು ತನ್ನ ಮಗನಿಗೂ ಒಂದು ಮಾತು ಹೇಳಯ್ಯ ಎಂದಾಗ, ನೋಡೋಣ, ಎಲ್ಲರಿಗೂ ಹೇಳುತ್ತಾ ಹೋದರೆ ಮಾತಿಗೆ ಬೆಲೆ ಇರುವುದಿಲ್ಲ ಎಂದು ದೊಡ್ಡಸ್ತಿಕೆ ತೋರಿಸಿದ. ಮಾನಸ ಮಾತ್ರ ಅವತ್ತು ಕುರ್ಚಿಯ ಮೇಲಿಂದ ಎತ್ತಿಕೊಂಡು ಬಂದಿದ್ದ ಫೈಲಿನ ಮೇಲಿನ ಸುಣ್ಣದ ಗುರುತನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಪುಸ್ತಕ ಹಿಡಿದಳು. ಹೇಗೆ ಸಿಕ್ಕಿದರೇನು, ಒಳಗೆ ಹೋಗುವುದಕ್ಕೆ ಒಂದು ಬಾಗಿಲು ಸಿಕ್ಕಿತ್ತು. ಒಳಗೆ ಹೋದ ಮೇಲೆ ಮಾತಾಡುವವಳು ತಾನು ಎಂದುಕೊಂಡಿದ್ದಳು.

ಇಂಟರ್‌ವ್ಯೂ ದಿನ ಬಿಡದಿಯಲ್ಲಿ ಇಳಿದು ಅಪ್ಪ ಮಗಳಿಬ್ಬರೂ ತಟ್ಟೆ ಇಡ್ಲಿ ತಿಂದರು. ಮಾನಸಳಿಗೆ ಅರ್ಧದ ಮೇಲೆ ಇಳಿಯಲಿಲ್ಲ. ಕಾರ್ಖಾನೆಯ ಗೇಟಿನ ಹತ್ತಿರ ಲಕ್ಕಯ್ಯ, ಮನೋಹರಪ್ಪೋರು ನಮ್ಮೋರೇ ಎಂದು ಕಾವಲಿನವನಿಗೆ ಹೇಳಿದ. ಕಾವಲಿನವನು ಅವಳ ಹೆಸರು ಬರೆದುಕೊಂಡು ಒಳಗೆ ಬಿಟ್ಟ, ಇವನನ್ನು ರಸ್ತೆಯ ಆಚೆಗೆ ಕಳಿಸಿದ. ಹೊಂಗೆ ಮರದ ನೆರಳಲ್ಲಿ ಕೂತು ಲಕ್ಕಯ್ಯ ಹೋಗಿಬರುವ ಬಸ್ಸುಗಳನ್ನು ನೋಡಿದ. ನಾಳೆಯಿಂದ ಇಂಥ ಒಂದು ಬಸ್ಸಿನ ಕಿಟಕಿಯಲ್ಲಿ ಮಗಳು ಕೂತಿರುತ್ತಾಳೆ ಎಂದು ಅವನಿಗೆ ಕಣ್ಣು ತುಂಬಿ ಬಂತು. ಒಳ್ಳೆಯ ಅಪ್ಪನೇ ಅವನು. ಅದರಲ್ಲಿ ಎರಡು ಮಾತಿಲ್ಲ. ಕಷ್ಟ ಇದ್ದದ್ದೇ ಅಲ್ಲಿ.

ಒಂದು ಗಂಟೆಯಾದ ಮೇಲೆ ಒಳಗಿನಿಂದ ಕರೆ ಬಂತು. ಗೇಟಿನ ಪಕ್ಕದ ಕೋಣೆಯಲ್ಲಿ ಮನೋಹರ್ ನಿಂತಿದ್ದ, ಅವನ ಹಿಂದೆ ಮಾನಸ. ಮನೋಹರ್ ನಗುನಗುತ್ತಾ ಮಾತಾಡಿದ. ಕ್ವಾಲಿಟಿ ವಿಭಾಗದ ಜಾಗಕ್ಕೆ ಜನ ಆಗಲೇ ಆಗಿಬಿಟ್ಟಿದ್ದಾರೆ. ಆದರೆ ದೊಡ್ಡ ಸಾಹೇಬರಿಗೆ ಹುಡುಗಿಯ ಕೈಗುಣ ನೆನಪಿದೆ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ತರಕಾರಿ, ಮಾಂಸ, ಪಾತ್ರೆ ಎಲ್ಲ ಚೊಕ್ಕಟವಾಗಿ ತೊಳೆಸಿ, ತೊಳೆದು ಇಡುವುದಕ್ಕೆ ಒಂದು ಹೊಸ ಜಾಗವನ್ನು ಅವರೇ ಮಾಡಿಸಿದ್ದಾರೆ. ಯೂನಿಫಾರಂ, ಊಟ, ಬಸ್ಸು ಎಲ್ಲ ಉಂಟು.

"ಸಾಹೇಬ್ರೇ ಬಾಯ್ಬಿಟ್ಟು ಹೇಳವ್ರೆ, ಲಕ್ಕಯ್ಯ. ಇಂಥ ಅದೃಷ್ಟ ಯಾರಿಗೂ ಬರಲ್ಲ."

ಕಾರ್ಖಾನೆಯ ಗೇಟಿನ ಒಳಗೆ ಇರುವುದೆಲ್ಲ ಲಕ್ಕಯ್ಯನ ಪಾಲಿಗೆ ಕಾರ್ಖಾನೆಯ ಕೆಲಸವೇ. ಅವನು ಎರಡೂ ಕೈ ಜೋಡಿಸಿದ. "ನಿಮ್ಮ ಹೊಟ್ಟೆ ತಣ್ಣಗಿರ್ಲಿ ಬುದ್ದಿ. ನಾಳೆಯಿಂದ್ಲೇ ಬತ್ತಾಳೆ," ಎಂದ. ಮಗಳತ್ತ ತಿರುಗಿಯೂ ನೋಡಲಿಲ್ಲ. ಮನೋಹರ್ ಅವನ ಭುಜ ತಟ್ಟಿ ಒಳಗೆ ಹೋದ.

ಬಸ್ ನಿಲ್ದಾಣದಲ್ಲಿ ನಿಂತು, ಮಾನಸ ರಸ್ತೆಯನ್ನೇ ನೋಡುತ್ತಾ ಹೇಳಿದಳು.

"ಮೂರ್ ಜನ ಕುಂತಿದ್ರು. ಮಾರ್ಕ್ಸ್ ಕಾರ್ಡ್ ತೆಗ್ದು ನೋಡ್ನಿಲ್ಲ. ಕರ್ಳು ಮಗುಚೋಕೆ ಕಡ್ಡಿ ಹಾಕ್ತೀಯಾ, ಬೆಳ್ಳು ಹಾಕ್ತೀಯಾ ಅಂತ ಕೇಳುದ್ರು. ಒಬ್ರಾದ್ಮೇಲೆ ಒಬ್ರು ಅದ್ನೇ ಕೇಳ್ಕಂಡು ನಗಾಡುದ್ರು. ನಾನು ಮೈಕ್ರೋಮೀಟರ್ ಹಿಡ್ಯೋಕ್ ಬತ್ತದೆ ಸಾರ್ ಅಂದೆ. ಅದ್ಕೂ ನಕ್ರು."

ಲಕ್ಕಯ್ಯನ ಬಾಯಿ ಅವನಿಗಿಂತ ಮುಂದೆ ಓಡುವುದು. ಮೊದಲು ಒಳಗೆ ಕಾಲಿಡು, ಆಮೇಲೆ ನಾನು ಗೌಡರ ಹತ್ತಿರ ಒಂದು ಮಾತು ಹೇಳಿ ಮೇಲಕ್ಕೆ ಹಾಕಿಸುತ್ತೇನೆ ಎಂದ.

"ನೀನು ಮಾತಾಡ್ಬ್ಯಾಡ," ಎಂದಳು ಮಾನಸ. "ಇನ್ಮ್ಯಾಕೆ ನನ್ನ ಇಚಾರ ಎಲ್ಲೂ ಮಾತಾಡ್ಬ್ಯಾಡ."

ಅವಳು ಆ ಕೆಲಸಕ್ಕೆ ಹೋಗಲಿಲ್ಲ. ಕೊಟ್ಟ ಕೆಲಸವನ್ನು ಕಾಲಲ್ಲಿ ಒದ್ದರೆಂದು ರಾಮಲಿಂಗಯ್ಯ ಗೌಡರಿಗೆ ಸಿಟ್ಟು ಬಂತು. ಕುರಿಯೋರಿಗೂ ಈ ಪಾಟಿ ಕೊಬ್ಬಾ ಎಂದು ನಾಲ್ಕು ಜನರ ಮುಂದೆ ಅಂದರಂತೆ. ಆ ವರ್ಷ ಅವರ ಹೊಲಕ್ಕೆ ಬೇರೆ ಊರಿನ ಮಂದೆ ಬಂತು. ಅವರ ನೆಂಟರ ಹೊಲಗಳಿಗೂ ಅದೇ ಮಂದೆ ಹೋಯಿತು. ಲಕ್ಕಯ್ಯ ಹೊಸ ಹೊಲ ಹುಡುಕಿಕೊಂಡು ದೂರದೂರ ಅಲೆದ. ಅರಳಿಕಟ್ಟೆಯಲ್ಲಿ ಸಿದ್ದರಾಮು, ನಿನ್ನ ಮಾತಿಗೆ ಈಗ ಬೆಲೆ ಎಷ್ಟಯ್ಯ ಎಂದು ಕೇಳಿದ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು ಬಾಳು. ಆದರೂ ಲಕ್ಕಯ್ಯ ಮಾತು ಬಿಡಲಿಲ್ಲ. ಒಬ್ಬ ಗೌಡ ಹೋದರೆ ಇನ್ನೊಬ್ಬ ಗೌಡ. ಸಂಜೆ ಮನೆಗೆ ಬಂದು ಕೈತೊಳೆದು ಕೂತರೆ ಹೊಸಹೊಸ ಹೆಸರುಗಳನ್ನು ಹೇಳುತ್ತಿದ್ದ. ಅವರಿಗೆ ಹೇಳಿದ್ದೇನೆ, ಇವರಿಗೆ ಹೇಳಿದ್ದೇನೆ, ಮಾಡಿಸಿಕೊಡುತ್ತಾರೆ ಎನ್ನುತ್ತಿದ್ದ. ಮಾನಸ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಹೆಂಡತಿ ತಿಮ್ಮಮ್ಮ ಮುದ್ದೆ ಬಡಿಸಿ ಪಕ್ಕದಲ್ಲಿ ನಿಂತಿರುತ್ತಿದ್ದಳು.

ಕೆಲವು ತಿಂಗಳಾದ ಮೇಲೆ ಮಾನಸ ತನ್ನ ದಾರಿ ತಾನು ನೋಡಿಕೊಂಡಳು. ಅವಳು ಓದಿದ ಕಾಲೇಜಿನಲ್ಲಿ ಅಸ್ಗರ್ ಎಂಬ ಒಬ್ಬರು ವರ್ಕ್‌ಶಾಪ್ ಮೇಷ್ಟರಿದ್ದರು. ನಿವೃತ್ತಿಗೆ ಒಂದು ವರ್ಷ ಉಳಿದವರು. ಅವರ ಹಳೆಯ ಶಿಷ್ಯನೊಬ್ಬ ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದ ಮುಖ್ಯಸ್ಥ. ಮಾನಸ ಹೋಗಿ ಕೇಳಿದ್ದಕ್ಕೆ ಅಸ್ಗರ್ ಮೇಷ್ಟರು ಅವಳೆದುರಿಗೇ ಫೋನ್ ಮಾಡಿದರಂತೆ. ಹುಡುಗಿಯ ಗುಣಗಾನ ಏನೂ ಮಾಡಲಿಲ್ಲ. ಒಬ್ಬಳನ್ನು ಕಳಿಸುತ್ತೇನೆ, ಕೈಗೆ ಒಂದು ತುಂಡು ಕೊಟ್ಟು ಅಳೆಯಲು ಹೇಳಿ ನೋಡು, ಸರಿಬಾರದಿದ್ದರೆ ವಾಪಸ್ಸು ಕಳಿಸು ಎಂದು ಇಟ್ಟುಬಿಟ್ಟರಂತೆ. ಅದೂ ವಶೀಲಿಯೇ. ಆದರೆ ಆ ಮಾತು ಮುಗಿದದ್ದು ಅರ್ಧ ನಿಮಿಷದಲ್ಲಿ.

ಇದೆಲ್ಲ ಲಕ್ಕಯ್ಯನಿಗೆ ತಿಳಿದದ್ದು ತಿಮ್ಮಮ್ಮನ ಬಾಯಿಂದ, ಅದೂ ಚೂರುಚೂರಾಗಿ. ಕಾರ್ಖಾನೆಯ ಹೆಸರೇನು ಎಂದು ಕೇಳಿದರೆ ಮಾನಸ ಹೇಳಲಿಲ್ಲ. ಹಾರೋಹಳ್ಳಿಯ ಕಡೆ ತನಗೆ ಗೊತ್ತಿರುವವರು ಬೇಕಾದಷ್ಟಿದ್ದಾರೆ, ಹೆಸರೊಂದು ಹೇಳಿದರೆ ಒಂದು ಮಾತು ಹಾಕಿಸುತ್ತೇನೆ ಎಂದ. ಅವಳು ಅವನನ್ನು ಒಂದು ಗಳಿಗೆ ನೋಡಿ ಬಸ್ಸಿಗೆ ಹೊರಟಳು. ಅವತ್ತು ಸಂಜೆ ನಗುತ್ತಾ ಬಂದಳು. ಆ ಮನೆಯಲ್ಲಿ ನಗು ಕಂಡು ಎಷ್ಟೋ ತಿಂಗಳಾಗಿತ್ತು. ಅವರು ನಿಜವಾಗಿಯೂ ತುಂಡೊಂದನ್ನು ಕೊಟ್ಟರಂತೆ, ಇವಳು ಅಳೆದು ತಪ್ಪು ಎಲ್ಲಿದೆ ಎಂದು ತೋರಿಸಿದಳಂತೆ, ಅಳೆಯುವ ಸಾಧನದಲ್ಲೇ ಒಂಚೂರು ದೋಷವಿರುವುದನ್ನೂ ಹೇಳಿದಳಂತೆ. ಕೆಲಸ ಆದ ಹಾಗೆಯೇ. ವಿಳಾಸ ಸರಿಯಿದೆಯೇ ಎಂದು ನೋಡುವುದಕ್ಕೆ ಮನೆಗೆ ಒಬ್ಬರು ಬರುತ್ತಾರೆ, ಅದಾದರೆ ಕೆಲಸದ ಆರ್ಡರು. ಲಕ್ಕಯ್ಯನಿಗೆ ಖುಷಿಯಾಯಿತು. ತನ್ನ ಕೈಯಿಲ್ಲದೆ ಆಯಿತಲ್ಲ ಎಂದು ಸ್ವಲ್ಪ ಪಿಚ್ಚೆನಿಸಿತು ಕೂಡ. ಬರುವವರು ಯಾರು ಎಂದು ಗೊತ್ತಾದರೆ ಎಂದು ಬಾಯಿ ತೆಗೆದವನು, ಮಗಳ ಮುಖ ನೋಡಿ ಮುಚ್ಚಿಕೊಂಡ.

ಹಗಲು ಹೊತ್ತು ಲಕ್ಕಯ್ಯ ಮನೆಯಲ್ಲಿ ಇರುವವನಲ್ಲ. ಬೆಳಗಾದರೆ ಕುರಿ ಹೊಡೆದುಕೊಂಡು ಹೋದರೆ ಬರುವುದು ಹೊತ್ತು ಮುಳುಗುವಾಗ. ಅವತ್ತು ಗುರುವಾರ. ಒಂದು ಮರಿ ಮುಳ್ಳು ತುಳಿದು ಕುಂಟುತ್ತಿತ್ತು. ಅದನ್ನು ಹೆಗಲ ಮೇಲೆ ಹಾಕಿಕೊಂಡು ಮಧ್ಯಾಹ್ನವೇ ಬಂದು, ಜಗಲಿಯ ಮೇಲೆ ಕೂತು ಮುಳ್ಳು ತೆಗೆಯುತ್ತಿದ್ದ. ಸ್ಕೂಟರೊಂದು ಬಂದು ನಿಂತಿತು. ಐವತ್ತು ದಾಟಿದ ಮನುಷ್ಯ ಇಳಿದು, ತಾನು ಸನಾವುಲ್ಲಾ, ರಾಮನಗರದಿಂದ ಬಂದದ್ದು, ಕಂಪನಿಗಳ ಪರವಾಗಿ ಮನೆ ವಿಳಾಸ ನೋಡಿಕೊಂಡು ಹೋಗುವುದು ತನ್ನ ಕೆಲಸ ಎಂದು ಪರಿಚಯ ಹೇಳಿಕೊಂಡು ಕಾಗದ ತೆಗೆದ.

"ದಿವಂಗತ ಲಕ್ಕಯ್ಯನವರ ಮನೆ ಇದೇನಾ?"

ದಿವಂಗತ ಎಂಬ ಮಾತು ಲಕ್ಕಯ್ಯನಿಗೆ ಗೊತ್ತಿತ್ತು. ಮಾಗಡಿಯ ಸರ್ಕಲ್ಲಿನಲ್ಲಿ ಹಾರ ಹಾಕಿದ ಫೋಟೋಗಳ ಕೆಳಗೆ ಬರೆದಿರುವುದನ್ನು ಯಾರೋ ಓದಿದಾಗ ಕೇಳಿದ್ದ. ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡು ಯಾರು ಎಂದು ಮತ್ತೆ ಕೇಳಿದ. ಸನಾವುಲ್ಲಾ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಬಿಡಿಸಿ ಓದಿದ. ಅರ್ಜಿದಾರಳು ಮಾನಸ, ತಂದೆ ದಿವಂಗತ ಲಕ್ಕಯ್ಯ, ತಾಯಿ ತಿಮ್ಮಮ್ಮ.

ಮರಿಯ ಕಾಲು ಲಕ್ಕಯ್ಯನ ಕೈಯಿಂದ ಜಾರಿತು. ಅಷ್ಟರಲ್ಲಿ ಒಳಗಿನಿಂದ ತಿಮ್ಮಮ್ಮ ಬಂದಳು. ಹಣೆಯಲ್ಲಿ ಕುಂಕುಮ ಇರಲಿಲ್ಲ. ಕೈಯಲ್ಲಿ ಬಳೆ ಇರಲಿಲ್ಲ. ತಾಳಿ ಎಲ್ಲಿತ್ತೋ, ರವಿಕೆಯೊಳಗೆ ಸೇರಿತ್ತೋ, ಕಾಣುತ್ತಿರಲಿಲ್ಲ.

"ಇದೇ ಮನೆ ಸಾಮಿ," ಎಂದಳು. "ಇವ್ರು ನಮ್ಮ ಭಾವ. ಗಂಗಯ್ಯ ಅಂತ."

ಗಂಗಯ್ಯ ಲಕ್ಕಯ್ಯನ ಅಣ್ಣ. ಸತ್ತು ಒಂಬತ್ತು ವರ್ಷವಾಗಿತ್ತು. ಸನಾವುಲ್ಲಾ ಬರೆದುಕೊಂಡ. ಯಜಮಾನರು ಹೋಗಿ ಎಷ್ಟು ದಿನವಾಯಿತಮ್ಮ ಎಂದು ತಗ್ಗಿದ ದನಿಯಲ್ಲಿ ಕೇಳಿದ. ಮೂರು ವರ್ಷ ಎಂದಳು ತಿಮ್ಮಮ್ಮ. ಯೋಚಿಸಲಿಲ್ಲ, ತಡವರಿಸಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಮೂರು ವರ್ಷ ಎಂದು ಎಷ್ಟು ಸಲೀಸಾಗಿ ಹೇಳಿದಳೆಂದರೆ, ಒಂದು ಕ್ಷಣ ಲಕ್ಕಯ್ಯನಿಗೇ ಅದು ನಿಜವಿರಬಹುದು ಎನಿಸಿತು. ಸನಾವುಲ್ಲಾ ಗಂಡಸಿನ ಕಡೆ ತಿರುಗಿದ.

"ಏನಾಗಿತ್ತು ತಮ್ಮನಿಗೆ?"

ಲಕ್ಕಯ್ಯ ಕೇಳಿದ್ದಕ್ಕೆ ಉತ್ತರ ಕೊಡದೆ ಇದ್ದವನಲ್ಲ. ಕೇಳದಿದ್ದರೂ ಕೊಟ್ಟವನು. ಈಗ ಒಂದೇ ಒಂದು ಮಾತು ಸಾಕಿತ್ತು. ನಾನೇ ಲಕ್ಕಯ್ಯ, ಅಷ್ಟೇ. ಅಷ್ಟು ಹೇಳಿದರೆ ಅವನು ಬದುಕುತ್ತಿದ್ದ, ಮಗಳ ಕೆಲಸ ಸಾಯುತ್ತಿತ್ತು. ಸುಳ್ಳು ಬರೆದವಳೆಂದು ಹಾರೋಹಳ್ಳಿಯ ಯಾವ ಕಾರ್ಖಾನೆಯೂ ಅವಳನ್ನು ಹತ್ತಿರ ಸೇರಿಸುತ್ತಿರಲಿಲ್ಲ. ತಿಮ್ಮಮ್ಮ ನೆಲ ನೋಡುತ್ತಾ ನಿಂತಿದ್ದಳು. ಬೇಡ ಎಂದೂ ಸನ್ನೆ ಮಾಡಲಿಲ್ಲ, ಹೇಳು ಎಂದೂ ಮಾಡಲಿಲ್ಲ.

"ಹಾವು ಕಚ್ತು," ಎಂದ ಲಕ್ಕಯ್ಯ. "ಮಂದೆ ತಾವ."

ಸನಾವುಲ್ಲಾ ಬರೆಯುವುದನ್ನು ನಿಲ್ಲಿಸಿ ತುಟಿಯಲ್ಲೇ ಏನೋ ಪ್ರಾರ್ಥಿಸಿದ. ಕುರಿ ಕಾಯುವವರಾಗಿ ಹೆಣ್ಣುಮಗಳನ್ನು ಇಷ್ಟು ಓದಿಸಿದ್ದಾರೆ, ಬಹಳ ಒಳ್ಳೆಯ ಮನುಷ್ಯ ಇದ್ದಿರಬೇಕು ಎಂದ. ಅದು ಬರೆಯಲೇಬೇಕಾದ ವಿಷಯವೇನೂ ಅಲ್ಲ, ಅವನ ಮನಸ್ಸಿಗೆ ಬಂದದ್ದು.

"ಒಳ್ಳೇವ್ರೇಯ," ಎಂದಳು ತಿಮ್ಮಮ್ಮ. "ಒಸಿ ಬಾಯಿ ಜಾಸ್ತಿ."

ಮನೆಯ ಹಿರಿಯರ ಸಹಿ ಬೇಕಿತ್ತು. ಲಕ್ಕಯ್ಯ ವಯಸ್ಕರ ಶಾಲೆಗೆ ನಾಲ್ಕು ತಿಂಗಳು ಹೋಗಿ ಒಂದೇ ಒಂದು ಪದ ಬರೆಯುವುದನ್ನು ಕಲಿತಿದ್ದ. ತನ್ನ ಹೆಸರು. ಸೊಸೈಟಿಯಲ್ಲಿ, ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವವರ ನಡುವೆ ತಾನು ಸಹಿ ಹಾಕುವವನು ಎಂದು ಅವನಿಗೆ ಬಿಂಕವಿತ್ತು. ಸನಾವುಲ್ಲಾ ಪೆನ್ನು ಕೊಡಲು ಬಂದಾಗ ಅವನ ಬೆರಳು ತಾನಾಗಿಯೇ ಮುಂದೆ ಹೋಯಿತು. ಆಮೇಲೆ ಹಿಂದಕ್ಕೆ ಎಳೆದುಕೊಂಡ.

"ಓದು ಬರಾ ಬರಲ್ಲ," ಎಂದ.

ಸನಾವುಲ್ಲಾ ಶಾಯಿಯ ಡಬ್ಬಿ ತೆರೆದು, ಅವನ ಹೆಬ್ಬೆರಳನ್ನು ತಾನೇ ಹಿಡಿದು ಒತ್ತಿಸಿದ. ಆಮೇಲೆ ಇಬ್ಬರನ್ನೂ ಬಾಗಿಲ ಮುಂದೆ ನಿಲ್ಲಿಸಿ ಫೋನಿನಲ್ಲಿ ಫೋಟೋ ತೆಗೆದ. ಸ್ವಲ್ಪ ದೂರ ನಿಲ್ಲಿ ಎಂದು ಅವನು ಹೇಳಬೇಕಾಗಲಿಲ್ಲ. ತಿಮ್ಮಮ್ಮ ಭಾವನ ಪಕ್ಕ ನಿಲ್ಲುವ ಹೆಂಗಸು ಎಷ್ಟು ದೂರ ನಿಲ್ಲಬೇಕೋ ಅಷ್ಟು ದೂರದಲ್ಲೇ ಸೆರಗು ಹೊದ್ದು ನಿಂತಿದ್ದಳು. ಎಲ್ಲ ಸರಿಯಾಗಿದೆ, ಇನ್ನೊಂದು ವಾರದಲ್ಲಿ ಹುಡುಗಿಗೆ ಆರ್ಡರು ಬರುತ್ತದೆ ಎಂದು ಧೈರ್ಯ ಹೇಳಿ, ನೀರು ಕುಡಿದು, ಸನಾವುಲ್ಲಾ ಸ್ಕೂಟರು ಹತ್ತಿದ.

ಸ್ಕೂಟರಿನ ಸದ್ದು ಕೇಳಿಸದಾಗುವವರೆಗೆ ಇಬ್ಬರೂ ನಿಂತೇ ಇದ್ದರು. ಮರಿ ಮೂರು ಕಾಲಲ್ಲಿ ಕುಂಟುತ್ತಾ ತಾಯಿಗಾಗಿ ಅರಚುತ್ತಿತ್ತು. ಮಗಳು ಯಾಕೆ ಹಾಗಂದಳು ಎಂದು ಲಕ್ಕಯ್ಯ ಕೇಳಿದ.

"ಇಂಟರ್‌ವ್ಯೂದಾಗೆ ಅಪ್ಪ ಏನ್ ಮಾಡ್ತಾರೆ ಅಂತ ಕೇಳುದ್ರಂತೆ. ಬದುಕವ್ನೆ ಅಂದ್ರೆ ನೀನು ಅಲ್ಲಿಗೂ ಬತ್ತೀಯ ಅಂತ ಹಂಗಂದ್ಬುಟ್ಳಂತೆ," ಎಂದಳು ತಿಮ್ಮಮ್ಮ.

ಬಾರದೆ ಇರುತ್ತಿದ್ದನೇ? ಲಕ್ಕಯ್ಯ ಪ್ರಾಮಾಣಿಕವಾಗಿ ಯೋಚಿಸಿ ನೋಡಿದ. ಹೆಸರೊಂದು ಸಿಕ್ಕಿದ್ದರೆ ಹೋಗಿರುತ್ತಿದ್ದ. ಟಗರನ್ನೂ ಹೊಡೆದುಕೊಂಡು ಹೋಗಿರುತ್ತಿದ್ದ. ಮಗಳು ತಂದೆಯನ್ನು ಸರಿಯಾಗಿಯೇ ಅಳೆದಿದ್ದಳು. ಅವನು ಹೆಂಡತಿಯ ಬೋಳು ಹಣೆಯನ್ನು ನೋಡಲಾರದೆ ಬೇರೆ ಕಡೆ ತಿರುಗಿದ.

"ಆಯ್ತಲ್ಲ, ಒಂಟೋದ. ಒಳೀಕ್ ಹೋಗಿ ಹಣೆಗಿಟ್ಕೊ."

"ಆರ್ಡರ್ ಬರೋಗಂಟ ಬ್ಯಾಡ ಅಂದವ್ಳೆ. ಇನ್ನೊಂದ್ ಕಿತ ಬಂದ್ರೂ ಬಂದಾರು," ಎಂದಳು ತಿಮ್ಮಮ್ಮ. ಆಮೇಲೆ, ತೊಲೆಗೆ ಸಿಕ್ಕಿಸಿದ್ದ ಹಗ್ಗವನ್ನು ತೆಗೆದು ಮರಿಯ ಕೊರಳಿಗೆ ಕಟ್ಟುತ್ತಾ ಹೇಳಿದಳು: "ಸೋಮಾರದಿಂದ ಹಿಂಗೇ ಇವ್ನಿ."

ಸೋಮವಾರದಿಂದ. ಸೋಮವಾರ ಸಂಜೆ ಅವಳು ಬಡಿಸಿದ ಮುದ್ದೆ ಉಂಡಿದ್ದ. ಮಂಗಳವಾರ, ಬುಧವಾರ, ಇವತ್ತು ಬೆಳಿಗ್ಗೆ. ನಿನ್ನೆ ಅವಳನ್ನು ಎದುರಿಗೆ ಕೂರಿಸಿಕೊಂಡು ಕನಕಪುರದ ಕಡೆಯ ಹೊಸ ಗೌಡರೊಬ್ಬರು ತನ್ನನ್ನು ಎಷ್ಟು ಹಚ್ಚಿಕೊಂಡಿದ್ದಾರೆ ಎಂದು ಬಹಳ ಹೊತ್ತು ಹೇಳಿದ್ದ. ಅವಳು ಹೂಂ ಹೂಂ ಎನ್ನುತ್ತಿದ್ದಳು. ಅವಳ ಮುಖ ಅವನಿಂದ ಮೂರು ಮೊಳ ದೂರದಲ್ಲಿತ್ತು.

"ಕೇರಿ ಹೆಂಗುಸ್ರೆಲ್ಲ ಕೇಳುದ್ರು," ಎಂದಳು ತಿಮ್ಮಮ್ಮ, ಗಂಟು ಬಿಗಿದು ಏಳುತ್ತಾ. "ಕುಂಕ್ಮ ಇಟ್ರೆ ಹಣೆ ಕಡೀತದೆ, ಬಳೆ ಒಡ್ದೋದ್ವು ಅಂದೆ. ನೀನೊಬ್ಬ ಕೇಳ್ನಿಲ್ಲ."

ಅವಳು ಒಳಗೆ ಹೋಗಿ ಒಂದು ಚೊಂಬು ನೀರು ತಂದು, ಹೆಬ್ಬೆರಳಿನ ಶಾಯಿ ತೊಳೆದುಕೊಳ್ಳಲು ಅವನ ಮುಂದೆ ಇಟ್ಟಳು.